ಕೊನೆಯ ಬಾಗಿಲಿನ ಸಾಲು

ಹಿಡಿದದ್ದನ್ನು ಬಿಡದ ಅವಳಿಗೆ ಮನೆಯವರು ಉಡ ಎಂದೇ ಹೆಸರಿಟ್ಟಿದ್ದರು. ಹಳೆಯ ಹಾಡು, ದೆವ್ವದ ಕಥೆ ಎಂದರೆ ಸಾಕು, ಊಟ ನಿದ್ದೆ ಬೇಡ. ಓಡಿಹೋಗಿ ರೆಕಾರ್ಡ್ ಮಾಡಿಕೊಂಡು ಬರುವಳು. ಹಾಡಿದವರ ಮಾತಿಗೆ ತನ್ನದೊಂದಕ್ಷರವೂ ಸೇರಬಾರದು ಎಂಬುದು ಅವಳ ಹಟ. ಹಾಗೆ ಸೇರಿಸಿದ ಗೆಳತಿಯ ಜೊತೆ ಮಾತು ಬಿಟ್ಟದ್ದೂ ಉಂಟು.

ಅವಳ ಸೋದರತ್ತೆ ಹೊಲಿಗೆಯವಳು. ಮೆಷಿನ್ ತುಳಿಯುತ್ತ, ಆ ತಾಳಕ್ಕೇ ಒಂದು ಹಾಡು ಹೇಳುತ್ತಿದ್ದಳು. ಸತ್ತ ಹೆಣ್ಣೊಬ್ಬಳು ಚಳಿಯಲ್ಲಿ ಮನೆಮನೆಯ ಬಾಗಿಲು ತಟ್ಟುತ್ತಾಳೆ. ಎಲ್ಲರೂ ಬೈದು ಅಟ್ಟುತ್ತಾರೆ. ಕೊನೆಯ ಮನೆಯವರು ಏನೆಂದರು? ಅಲ್ಲಿಗೆ ಬಂದಾಗಲೆಲ್ಲ ಅತ್ತೆ ಹಲ್ಲಿನಲ್ಲಿ ದಾರ ಕಡಿದು, "ಅದು ಇನ್ನೊಂದು ದಿನ. ಎಲ್ಲಾ ಹೇಳಿಬಿಟ್ರೆ ನೀನು ಈ ಕಡೆ ತಲೆ ಹಾಕ್ತೀಯಾ?" ಎಂದು ನಗುತ್ತಿದ್ದಳು.

ಆ ಇನ್ನೊಂದು ದಿನ ಬರುವ ಮೊದಲೇ ಅತ್ತೆಗೆ ಲಕ್ವ ಹೊಡೆಯಿತು. ಮಾತು ನಿಂತಿತು. ಬರಹವಂತೂ ಮೊದಲೇ ಬಾರದು. ಆ ಹಾಡು ಬಲ್ಲವರು ಬೇರೆ ಯಾರೂ ಇರಲಿಲ್ಲ.

ಉಡ ಮನಸಾರೆ ಅತ್ತಳು, ಮೂಗು ಒರೆಸಿಕೊಂಡಳು, ರೆಕಾರ್ಡರನ್ನು ಅತ್ತೆಯ ದಿಂಬಿನ ಬಳಿ ಇಟ್ಟು ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಯಾರಾದರೂ ತಪ್ಪು ಹಾಡಿದರೆ ಅತ್ತೆಗೆ ಮೈ ಉರಿಯುತ್ತದೆಂದು ಅವಳಿಗೆ ಗೊತ್ತು. ಬೇಕೆಂದೇ ಒಂದು ಪದ ಕೆಡಿಸಿ ಹಾಡಿದಳು. ಅತ್ತೆಯ ಎಡಗೈ, ಸ್ವಾಧೀನದಲ್ಲಿದ್ದ ಕೈ ಅದೊಂದೇ, ಪಟ್ಟೆಂದು ಅವಳ ತೊಡೆಗೆ ಬಿತ್ತು.

"ಹಾಂ! ಈಗ ಬಂದೆ ನೋಡು ದಾರಿಗೆ."

ಅಂದಿನಿಂದ ದಿನವೂ ಕೆಲಸ ಬಿಟ್ಟೊಡನೆ ನೇರ ಅಲ್ಲಿಗೆ. ಕೊನೆಯ ಮನೆಯವರು "ಯಾರು ನೀನು?" ಎಂದರೇ? ಪಟ್. "ಜಾಗವಿಲ್ಲ ಹೋಗು"? ಪಟ್ ಪಟ್. ಕೆಂಪಾದ ತೊಡೆ ನೋಡಿ ಅಮ್ಮ, "ನಿನಗೇನು ಹುಚ್ಚೇನೇ?" ಎಂದು ಗದರಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಸಂಜೆ ಅವಳಿಗೆ ರೋಸಿಹೋಯಿತು. ಪಾಪ, ಆ ಹೆಣ್ಣನ್ನು ಇನ್ನೂ ಎಷ್ಟು ಕಾಲ ಹೊರಗೆ ನಿಲ್ಲಿಸುವುದು? ಬಾಯಿಗೆ ಬಂದದ್ದನ್ನು ಹಾಡಿಬಿಟ್ಟಳು:

"ಚಳಿಯಲ್ಲಿ ಯಾಕೆ ನಿಂತೆ, ಒಳಗೆ ಬಾರೆ ತಾಯಿ,
ನಿನಗಂತ ತೆರೆದ ಬಾಗಿಲ ಹಾಕಲಾರೆ ತಾಯಿ."

ಕೈ ಏಳಲಿಲ್ಲ. ಅತ್ತೆಯ ಕಣ್ಣು ತುಂಬಿತ್ತು.

"ಇದೇನಾ ಅತ್ತೆ? ಇದೇ ಸಾಲಾ?"

ಅಲ್ಲವೆಂದು ಅತ್ತೆ ತಲೆಯಾಡಿಸಿದಳು.

"ಅಲ್ವಾ? ಹಾಗಾದ್ರೆ ಹೊಡಿ ಮತ್ತೆ! ಯಾಕೆ ಸುಮ್ಮನಿದ್ದೀಯ?"

ಅತ್ತೆ ಹೊಡೆಯಲಿಲ್ಲ. ದಿಂಬಿನ ಪಕ್ಕ ತಡಕಾಡಿ ರೆಕಾರ್ಡರ್ ಎತ್ತಿಕೊಂಡಳು. ಅದನ್ನು ಸೋದರಸೊಸೆಯ ಬಾಯಿಯ ಮುಂದೆ ಹಿಡಿದಳು.

ಉಡ ಗಂಟಲು ಸರಿಮಾಡಿಕೊಂಡಳು.