ಕಾಲಿಡದ ನೀರು

ಬೆಚ್ಚಗಿದೆ, ಹಿಮ್ಮಡಿಯ ಬಿರುಕುಗಳಲ್ಲಿ ಉಪ್ಪು ಸಣ್ಣಗೆ ಚುರುಗುಟ್ಟುತ್ತಿದೆ, ನೀಲಿ ಪ್ಲಾಸ್ಟಿಕ್ ಟಬ್ಬಿನೊಳಗೆ ನನ್ನ ಎರಡು ಪಾದಗಳು ಯಾರೋ ಬೇರೆ ಮುದುಕಿಯವು ಎನ್ನುವ ಹಾಗೆ ಬಿಳಿಚಿಕೊಂಡು ಕೂತಿವೆ, ನಡುವೆ ವೈರಿನ ತುದಿಗೆ ಒಂದು ಲೋಹದ ಸುರುಳಿ, ಸುರುಳಿಯ ಸುತ್ತ ಗುಳ್ಳೆ, ಗುಳ್ಳೆಗಳ ಹಿಂದೆ ಎಳೆ ಎಳೆಯಾಗಿ ಹಳದಿ, ಚಹಾಪುಡಿ ಬಣ್ಣ ಬಿಟ್ಟಂತೆ — ನೋಡ್ರಿ ನೋಡ್ರಿ, ನಮ್ಮ ಭುವನೇಶ್ವರಿ ಟೀಚರ್ ಮೈಯಾಗಿನ ವಿಷ ಹೊರಗ ಬರಾಕತ್ತೈತಿ, ಎಂದು ಮೈಕಿನಲ್ಲಿ ವಿರೇಶ, ಮಸ್ಕಿಯ ಹೈಸ್ಕೂಲಿನಲ್ಲಿ ನನ್ನ ಕೈಯಲ್ಲೇ ಕಲಿತ ವಿರೇಶ, ಈಗ ಕೋಟು ಹಾಕಿದ್ದಾನೆ, ಲಿಂಗಸುಗೂರಿನ ಈ ಬಿಸಿಲಿಗೆ ಕೋಟು, ಕಲ್ಯಾಣ ಮಂಟಪದ ಫ್ಯಾನುಗಳು ಇದ್ದ ಸೆಕೆಯನ್ನೇ ತಿರುವಿ ತಿರುವಿ ಬಡಿಸುತ್ತಿವೆ, ಸನ್ಮಾನದ ಶಾಲು ಕೊರಳಿಗೆ ಚುಚ್ಚುತ್ತದೆ, ಮಡಿಲಲ್ಲಿ ಹಣ್ಣಿನ ಬುಟ್ಟಿ, ಅದರೊಳಗಿನ ಬಾಳೆಹಣ್ಣು ಕೊಳೆಯುವ ಸಿಹಿ ವಾಸನೆ, ಕೆಳಗಿನಿಂದ ಒದ್ದೆ ಕಬ್ಬಿಣದ ವಾಸನೆ, ಇಷ್ಟು ಜನರೆದುರು ಮೂಗು ಮುಚ್ಚಿಕೊಳ್ಳುವ ಹಾಗಿಲ್ಲ. ಆದರೂ ನನ್ನ ಕಾಲು ಇಡಿಸುವ ಮೊದಲು ಅವನು ಕೋಟಿನ ತೋಳು ಏರಿಸಿ ಮೊಣಕೈ ಅದ್ದಿ ನೀರಿನ ಬಿಸಿ ನೋಡಿದ, ಕೂಸಿಗೆ ಎರೆಯುವ ನೀರನ್ನು ತಾಯಿ ನೋಡುವ ಹಾಗೆ, ಸುಡ್ತೈತೇನ್ರೀ ಟೀಚರ್, ಎಂದ, ಆ ದನಿಯಲ್ಲಿ ಕಪಟ ಇರಲಿಲ್ಲ, ಅದನ್ನೇ ನನಗೆ ತಡೆಯಲಾಗುವುದಿಲ್ಲ, ಪೂರಾ ಕೆಟ್ಟವನಾಗಿದ್ದರೆ ಅಸಹ್ಯಪಡುವುದು ಸುಲಭವಿತ್ತು.

ಗೋಡೆಯುದ್ದಕ್ಕೂ ಟಬ್ಬುಗಳು, ಆಗಲೇ ಕಾಲಿಟ್ಟು ಎದ್ದವರು ತಮ್ಮ ತಮ್ಮ ನೀರನ್ನು ಬಗ್ಗಿ ಬಗ್ಗಿ ನೋಡುತ್ತಾರೆ, ಮೊಮ್ಮಕ್ಕಳ ಮುಖ ನೋಡುವಷ್ಟು ಅಕ್ಕರೆಯಿಂದ, ಜವಳಗೇರಾದ ನರಸಣ್ಣನಂತೂ ಹೆಂಡತಿಯ ರಟ್ಟೆ ಹಿಡಿದು ಎಳೆಯುತ್ತಾನೆ, ಬಾ ಇಲ್ಲಿ, ನಂದು ನೋಡು, ಡಾಂಬರ ಆಗೈತಿ ಡಾಂಬರ, ದಿನಾ ಗುಟ್ಕಾ ತಿಂದ್ರ ಡಾಂಬರ ಬರದ ಗಂಗಾಜಲ ಬರ್ತೈತೇನು, ಎನ್ನುತ್ತಾಳೆ ಅವಳು, ನಂದರಾಗ ನೊರಿ ಬಂದೈತಿ, ನೊರಿ ಅಂದ್ರ ಲಿವರಿಂದಂತ, ನಿನ್ನ ಬಾಯಿಂದಿರಬೇಕು ಬಿಡಽ ಆ ನೊರಿ, ಎನ್ನುತ್ತಾನೆ ಅವನು, ಎಲ್ಲರೂ ನಗುತ್ತಾರೆ, ನನಗೂ ತುಟಿಯಂಚಿಗೆ ನಗು ಬಂದು ಅಲ್ಲೇ ಹುಳಿಯುತ್ತದೆ, ತನ್ನೊಳಗಿನದೆಂದು ನಂಬಿದ ಹೊಲಸನ್ನು ಇಷ್ಟು ಹೆಮ್ಮೆಯಿಂದ ತೋರಿಸುವುದು, ಸಂತೆಯಲ್ಲಿ ಎತ್ತಿನ ಹಲ್ಲು ತೋರಿಸಿದಂತೆ — ಇದಕ್ಕೆಲ್ಲ ಮೂಲ ಟೀಚರಮ್ಮನ ಕಥಿ, ಎನ್ನುತ್ತಿದ್ದಾನೆ ವಿರೇಶ, ನಲವತ್ತು ವರ್ಷದ ಹಿಂದ ಬರದಾರ್ರೀ, ಕಾಲಿನಿಂದ ವಿಷ ಎಳಿಯೋ ಯಂತ್ರ, ಆಗ ಕಥಿ, ಈಗ ಸೈನ್ಸ್! ಹೌದು, ಬರೆದಿದ್ದೆ, ರಾಯಚೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿಬಂದವಳು, ವಾರಪತ್ರಿಕೆಗೆ ವೈಜ್ಞಾನಿಕ ಕಥೆ, ಬರೆದದ್ದು ಭಾವನವರಿಗಾಗಿ, ನನ್ನ ಗಂಡನ ಅಣ್ಣ ಸಂಗನಬಸವ, ಮುದಗಲ್ಲಿನ ಆಚೆ ಒಂದು ಕಲ್ಲಿನ ಕ್ರಷರಿನಲ್ಲಿ ಮೇಸ್ತ್ರಿ, ಎದೆ ತುಂಬ ಕಲ್ಲಿನ ಧೂಳು, ಕೆಮ್ಮಿದರೆ ಮನೆಯ ತಗಡು ಅದುರಿದಂತೆ ಆಗುತ್ತಿತ್ತು, ಡಾಕ್ಟರು ಇನ್ನು ಮಾಡುವುದೇನೂ ಇಲ್ಲವೆಂದು ಕೈ ಬಿಟ್ಟ ಮೇಲೆ ನನ್ನ ಕೈಯಲ್ಲಿದ್ದದ್ದು ಪೆನ್ನು ಮಾತ್ರ, ಒಂದು ಯಂತ್ರ ಕಟ್ಟಿದೆ, ಕಾಲಿಟ್ಟರೆ ಪುಪ್ಪುಸದ ಧೂಳು ಬೂದಿಯ ನೀರಾಗಿ ಇಳಿಯುವಂತೆ, ಓದಿ ಹೇಳಿದಾಗ ಭಾವ ಗೋಡೆಗೊರಗಿ ಕೂತು ಕಾಲ್ಬೆರಳು ಅಲ್ಲಾಡಿಸುತ್ತ, ಇಂಥಾದ್ದು ಯಾವಾಗ ಬರ್ತೈತವಾ, ಇನ್ನೂ ಬಂದಿಲ್ಲ ಭಾವಾ, ಕಥಿ ಇದು, ಇರಲಿ, ಬಂದ ದಿನ ಮೊದಲ ಕಾಲು ನಂದಽ ನೋಡು. ನಗುತ್ತ ಅಂದರು, ನಂಬದೆ ಅಂದರು, ಆ ನಗುವಿನಲ್ಲಿ ಒಂದು ಮರ್ಯಾದೆ ಇತ್ತು, ಕಥೆ ಹಾಗಿದ್ದರೆ ಎಷ್ಟು ಚೆಂದ ಎನ್ನುತ್ತದೆ, ವಿಜ್ಞಾನ ಹಾಗಿದೆಯೇ ನೋಡೋಣ ಎನ್ನುತ್ತದೆ, ನಮ್ಮಿಬ್ಬರಿಗೂ ಅದು ಗೊತ್ತಿತ್ತು, ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತ ಕೇಳುತ್ತಿದ್ದ ಅವರ ಹೆಂಡತಿ ಪಂಪಮ್ಮನಿಗೆ, ನನ್ನ ಅಕ್ಕನಿಗೆ, ಗೊತ್ತಿತ್ತೇ, ನಾನು ಕೇಳಲೇ ಇಲ್ಲ.

ಮೊದಲ ಸಾಲಿನಲ್ಲಿ ಕೂತಿದ್ದಾಳೆ ಅಕ್ಕ, ನನಗೆ ಶಾಲು ಹೊದಿಸಿದಾಗ ಕಣ್ಣೊರೆಸಿಕೊಂಡವಳು, ಬಲಗಾಲಿನ ಹೆಬ್ಬೆರಳಿಗೆ ಬಿಳಿ ಬ್ಯಾಂಡೇಜು, ಮುಂಜಾನೆ ಮನೆಯಲ್ಲಿ ನಾನೇ ಕಟ್ಟಿದ್ದು, ಬಿಗಿಯಾಯಿತೇನು ಎಂದರೆ ಇಲ್ಲ ಬಿಡು ಎಂದಳು, ಸಕ್ಕರೆ ಕಾಯಿಲೆಯ ಗಾಯ, ಸಿಂಧನೂರಿನ ಡಾಕ್ಟರು ಖಡಕ್ಕಾಗಿ ಹೇಳಿದ್ದಾರೆ, ಸೂಜಿ ತಪ್ಪಿಸಬೇಡಿ, ಗಾಯಕ್ಕೆ ನೀರು ತಾಗಿಸಬೇಡಿ, ಎರಡೂ ಪಾಲಿಸಿದರೆ ಬೆರಳು ಉಳಿದೀತು, ಇಲ್ಲಂದ್ರ ಬೆರಳಿಗೇ ನಿಲ್ಲೋದಿಲ್ಲ — ಹೇಳುವಾಗ ಆ ಡಾಕ್ಟರು ಅಕ್ಕನ ಪಾದವನ್ನು ತಮ್ಮ ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಮಸ್ಕಿಯಿಂದ ಬಸ್ಸು ಹತ್ತಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಅಕ್ಕ ಅಂದಳು, ಸೂಜಿ ಬಿಟ್ಟೀನಿ ಭುವನಾ, ಯಾವಾಗಿಂದ, ವಿರೇಶ ಬಂದು ಹೇಳಿದಾಗಿಂದ, ನಿನ್ನ ಯಂತ್ರ ಬಂದೈತಂತಲ್ಲ, ಇನ್ಯಾಕ ಚುಚ್ಚಿಕೊಳ್ಳಲಿ. ನನ್ನ ಯಂತ್ರ. ನಿಮ್ಮ ಕಥಿ ಖರೇ ಆಗೈತಿ ಟೀಚರ್ ಎಂದು ಅವನು ಕರೆಯಲು ಬಂದಾಗ ನನಗೂ ಒಂದು ಗಳಿಗೆ ಎದೆ ಉಬ್ಬಿತ್ತಲ್ಲ, ನೋಡೇಬಿಡೋಣ ಎಂದುಕೊಂಡೇ ಹೊರಟದ್ದು, ನೋಡಿದೆ, ಕಾಲಿಟ್ಟ ಕೂಡಲೇ ನೋಡಿದೆ, ಇದು ಎಂಟನೇ ಇಯತ್ತೆಯ ಮೊಳೆ ಪ್ರಯೋಗ, ಗಾಜಿನ ಲೋಟ, ಉಪ್ಪುನೀರು, ಎರಡು ಕಬ್ಬಿಣದ ಮೊಳೆ, ಬ್ಯಾಟರಿ, ವೈರು ಹಿಡಿದವನು ಇದೇ ವಿರೇಶ, ಮೂಗಿನ ತುದಿಗೆ ಬೆವರು, ಟೀಚರ್, ನೀರು ಚಹಾ ಆತ್ರೀ! ಬಣ್ಣ ಎಲ್ಲಿಂದ ಬಂತೋ, ಮೊಳಿಯಿಂದ್ರೀ, ತುಕ್ಕುರೀ, ಹೆಂಗ ಹೇಳ್ತಿ, ಮೊಳಿ ತಗದು ಪೆನ್ಸಿಲ್ಲಿನ ಕಡ್ಡಿ ಹಾಕಿ ನೋಡ್ತೀನ್ರೀ, ಚಹಾ ಆಗಲಿಲ್ಲಂದ್ರ ಮೊಳಿದಽ ಬಣ್ಣ. ಯಾರೂ ಹೇಳಿಕೊಡದೆ ಹೊಳೆದದ್ದು ಅವನಿಗೆ, ಆ ದಿನ ಮನೆಗೆ ಬಂದು ಗಂಡನಿಗೆ ಹೇಳಿದ್ದೆ, ನನ್ನ ಕ್ಲಾಸಿನಲ್ಲೊಬ್ಬ ವಿಜ್ಞಾನಿ ಇದ್ದಾನೆ ಎಂದು.

ವಿರೇಶ, ಎಂದು ಕರೆದೆ, ಮೈಕನ್ನು ಅಂಗೈಯಲ್ಲಿ ಮುಚ್ಚಿ ಬಗ್ಗಿದ, ಇದು ಮೊಳೀದಽ ಅಲ್ಲೇನೋ, ಆಮ್ಯಾಲೆ ಮಾತಾಡೋಣ್ರೀ ಟೀಚರ್, ಈಗಽ ಮಾತಾಡೋಣ, ಹೊಸ ನೀರು ಹಾಕಿಸು, ಯಾರೂ ಕಾಲಿಡೋದು ಬ್ಯಾಡ, ಬರೇ ಯಂತ್ರ ಹಚ್ಚು — ಈ ಮಾತು ಮೈಕಿಗೂ ಕೇಳಿಸಿತು, ಮುಂದಿನ ಸಾಲಿನವರು, ಹಚ್ಚಪ್ಪಾ, ಟೀಚರಮ್ಮ ಹೇಳಾಕತ್ತಾರ, ಶಾಲು ಹೊದಿಸಿದ ಮೇಲೆ ಅವನಿಗೆ ಇಲ್ಲ ಎನ್ನಲಾಗದು, ನನ್ನ ಕಾಲು ಹೊರಗೆ, ಹೊಸ ನೀರು ಬಂತು, ಉಪ್ಪು ಬಿತ್ತು, ತಿಳಿಯಾಗಿ ನೀಲಿಯಾಗಿ ನಿಂತಿತು ನೀರು, ಒಳಗೆ ಯಾರ ಕಾಲೂ ಇಲ್ಲ, ಗುಳ್ಳೆ ಎದ್ದವು, ಹಳದಿ ಎಳೆ, ಆಮೇಲೆ ಕಂದು, ಆಮೇಲೆ ಮೊದಲಿನಷ್ಟೇ ದಟ್ಟ ಕಂದು, ಮುಂದಿನ ಸಾಲಿನವರು ಕುರ್ಚಿಯಿಂದೆದ್ದು ಬಗ್ಗಿ ನೋಡಿದರು, ಮುಗಿಯಿತು ಎಂದುಕೊಂಡೆ, ಗೆದ್ದೆ ಎಂದುಕೊಂಡೆ, ಅವನು ನನ್ನನ್ನು ನೋಡಿದ, ಅದೇ ವೈರು ಹಿಡಿದ ಹುಡುಗನ ಕಣ್ಣು, ಗೊತ್ತಿದೆ ಇವನಿಗೆ, ಎಲ್ಲವೂ ನೆನಪಿದೆ, ಆ ಕಣ್ಣು ಮುಚ್ಚಿ ತೆರೆದು ಮೈಕು ಎತ್ತಿದ, ನೋಡಿದ್ರೇನ್ರೀ! ಬರೇ ನೀರಾಗಽ ಇಷ್ಟು ವಿಷ! ಕಾಲುವಿ ನೀರ್ರೀ ಇದು, ಭತ್ತದ ಗದ್ದಿಗೆ ಹೊಡಿಯೋ ಎಣ್ಣಿ ಎಲ್ಲಾ ಇದರಾಗಽ ಹರದು ಬರ್ತೈತಿ, ಇದನ್ನಽ ಕುಡದು ಬೆಳದ ಮೈಯಾಗ ಎಷ್ಟಿರಬಾರದು? ಕಣ್ಣಿಗೆ ಕಟ್ಟೋಹಂಗ ತೋರಿಸಿದ್ರು ನಮ್ಮ ಟೀಚರಮ್ಮ, ಬಡೀರಿ ಚಪ್ಪಾಳಿ! ಬಡಿದರು, ಸಿಂಧನೂರಿನವರು, ಬಳಗಾನೂರಿನವರು, ಗದ್ದೆಗೆ ಕೀಟನಾಶಕದ ಎಣ್ಣೆ ಹೊಡೆದು ಹೊಡೆದು ಉಗುರು ಹಳದಿಯಾದ ಕೈಗಳು, ನೀರು ಕೆಟ್ಟಿರುವುದೂ ಸುಳ್ಳಲ್ಲ, ಅಷ್ಟೊಂದು ನಿಜವನ್ನು ಕಲಸಿ ಇಷ್ಟು ಸುಳ್ಳನ್ನು ಬೇಯಿಸಿದ, ನನ್ನ ಪ್ರಯೋಗವನ್ನೂ ನನ್ನ ಕಥೆಯನ್ನೂ ಒಂದೇ ಬಾಯಿಗೆ ತಿಂದ, ಥೂ, ಉಗುಳಲೂ ಬಾಯಲ್ಲಿ ಪಸೆಯಿಲ್ಲ.

ಅಕ್ಕ ಮೆಟ್ಟಿಲು ಹತ್ತಿ ಬರುತ್ತಿದ್ದಾಳೆ, ಕುಂಟುತ್ತ, ಯಾರೋ ಅಪರಿಚಿತ ಹೆಂಗಸು ಅವಳ ಮೊಣಕೈ ಹಿಡಿದು ಹತ್ತಿಸುತ್ತಿದ್ದಾಳೆ, ಬಂದವಳು ಮೊದಲು ನನ್ನ ಕಾಲ ಬಳಿ ಕುಕ್ಕರಿಸಿದಳು, ನೋವಿಗೆ ಹಲ್ಲು ಕಚ್ಚಿ, ಸೆರಗಿನಿಂದ ನನ್ನ ಪಾದ ಒರೆಸಿದಳು, ಬೆರಳ ಸಂದುಗಳನ್ನೂ, ಜಾರಿ ಬಿದ್ದೀ ಮತ್ತ, ಆಮೇಲೆ ನಾನು ಬಿಟ್ಟೆದ್ದ ಕುರ್ಚಿಯ ಮೇಲೆ ಕೂತು ಚಪ್ಪಲಿ ಕಳಚಿದಳು, ಅಕ್ಕಾ ಬ್ಯಾಡ, ಅದು ತುಕ್ಕು, ಗಾಯಕ್ಕ ನೀರು ತಾಗಬಾರದು, ಅವಳ ಕಣಕಾಲು ಹಿಡಿದೆ, ಬಿಡಽ ಭುವನಾ, ಮಂದಿ ನೋಡಾಕತ್ಯಾರ, ನೀನಽ ಬರದೀದಿ, ನಿನ್ನ ಭಾವಗ ಸಿಗಲಿಲ್ಲ, ನನಗರ ಸಿಗಲಿ. ಅದು ಸುಳ್ಳು ಅಕ್ಕಾ ಎನ್ನಬೇಕು, ಗೋಡೆಗೊರಗಿ ಕಾಲ್ಬೆರಳು ಅಲ್ಲಾಡಿಸುತ್ತ ನಕ್ಕ ಭಾವನೆದುರು ಓದಿದ್ದನ್ನು ಸುಳ್ಳು ಎನ್ನಲು ನಾಲಿಗೆ ಏಳುತ್ತಿಲ್ಲ, ವಿರೇಶ ಬಗ್ಗಿ ತೋಳು ಏರಿಸುತ್ತಾನೆ, ಆ ಕಂದು ನೀರಿಗೇ ಮೊಣಕೈ ಅದ್ದಿ ಬಿಸಿ ನೋಡುತ್ತಾನೆ, ಸುಡೂದಿಲ್ಲ ಇಡಬೇ ಯವ್ವಾ, ನನ್ನ ಕೈ ಸಡಿಲವಾಯಿತೋ, ಅವಳೇ ಬಿಡಿಸಿಕೊಂಡಳೋ, ಪಾದ ಇಳಿಯಿತು, ಹೆಬ್ಬೆರಳ ಬಿಳಿ ಬಟ್ಟೆಗೆ ಕಂದು ಹತ್ತಿತು, ಬತ್ತಿಗೆ ಎಣ್ಣೆ ಏರುವ ಹಾಗೆ, ಒಂದು ಸುತ್ತು, ಇನ್ನೊಂದು ಸುತ್ತು, ಗಂಟಿನ ತನಕ, ಮುಂಜಾನೆ ನಾನು ಕಟ್ಟಿದ ಗಂಟಿನ ತನಕ, ಗಂಟು ಬಿಳಿ ಇತ್ತು, ಗಂಟು —