ಚುಕ್ಕೆಯಿಲ್ಲದ ಬಿಲ್ಲು

ಬಿಲ್ಲು ಎತ್ತಿದರೆ ಸಾಕು, ಹೊಲಿಗೆಯಂಗಡಿಯವಳ ಎದೆ ಡವಡವ ಎನ್ನುತ್ತಿತ್ತು. ಅವಳ ಬಿಲ್ಲಿನಲ್ಲಿ ಗುರಿ ನೋಡಲು ಒಂದು ಕೆಂಪು ಚುಕ್ಕೆ. ಅದು ಗುರಿಹಲಗೆಯ ನಡುವಿನ ಹಳದಿಯನ್ನು ಮುಟ್ಟಿತೋ ಇಲ್ಲವೋ, ಬೆರಳುಗಳು ಅವಳನ್ನು ಕೇಳದೆಯೇ ಹೆದೆ ಬಿಟ್ಟುಬಿಡುತ್ತಿದ್ದವು. ಬಾಣ ಎಲ್ಲೋ ಅಂಚಿಗೆ. ಬರುವ ಭಾನುವಾರ ಬಿಲ್ಲುಗಾರರ ಸಂಘದ ತಂಡಕ್ಕೆ ಆಯ್ಕೆ. ಹೋದ ವರ್ಷ ಕೂದಲೆಳೆಯಲ್ಲಿ ತಪ್ಪಿತ್ತು. ಈ ಸಲವೂ ತಪ್ಪಿದರೆ ಬಿಲ್ಲು ಅಟ್ಟಕ್ಕೆ ಎಂದು ತೀರ್ಮಾನಿಸಿದ್ದಳು.

ಇದನ್ನು ಕೇಳಿದ ಅವಳ ಬಡಗಿ ಚಿಕ್ಕಪ್ಪ ತಾವೇ ಕೆತ್ತಿದ ಬಿಲ್ಲನ್ನು ಅವಳತ್ತ ಚಾಚಿದರು. ಚುಕ್ಕೆಯಿಲ್ಲ, ಏನಿಲ್ಲ, ಬರೀ ಮರ, ಹೆದೆ.

“ಬೇಡ ಚಿಕ್ಕಪ್ಪ. ಬೇರೆ ಬಿಲ್ಲು ಮುಟ್ಟಿದ್ರೆ ಕೈ ಕೆಡುತ್ತೆ ಅಂದಿದ್ದಾರೆ ಸಂಘದಲ್ಲಿ ಕಲಿಸೋ ಮೇಷ್ಟ್ರು.”

“ಕೈಯಲ್ಲಿ ಕಾಜಾ ಹೊಲಿದ್ರೆ ನಿನಗೆ ಮಷೀನು ಮರ್ತುಹೋಗುತ್ತೇನಮ್ಮ?”

ನಗುತ್ತಲೇ ಕೈನೀಡಿದಳು.

ಚಿಕ್ಕಪ್ಪನ ಮರಗೆಲಸದ ಕೊಟ್ಟಿಗೆಯ ಹಿಂದೆ, ಗುರಿಗೆಂದು ಒಂದು ಹುಲ್ಲಿನ ಮೂಟೆ. ಮೊದಲ ಬಾಣ ಪಕ್ಕದಲ್ಲಿದ್ದ ಮರದ ಹೊಟ್ಟಿನ ರಾಶಿಗೆ ಹೊಕ್ಕಿತು.

“ಭೇಷ್! ಹೊಟ್ಟು ಸತ್ತೇಹೋಯ್ತು!” ಎಂದರು ಚಿಕ್ಕಪ್ಪ.

ದಿನವೂ ಅಂಗಡಿ ಮುಚ್ಚಿ ಬಂದಳು. ಈ ಬಿಲ್ಲಿಗೆ ಬಾಣದ ಮೊನೆಯನ್ನು ಮೂಟೆಯ ಬುಡಕ್ಕೆ ಹಿಡಿಯಬೇಕು, ಆಗ ಬಾಣ ನಡುವಿಗೆ. ಮುಟ್ಟಲು ಚುಕ್ಕೆಯೇ ಇಲ್ಲದ ಮೇಲೆ ಬೆರಳಿಗೆ ಅವಸರ ಯಾತರದು? ಹೆದೆಯ ಎಳೆತವೆಲ್ಲ ಬೆರಳಿನಿಂದ ಮೆಲ್ಲಗೆ ಬೆನ್ನಿಗಿಳಿಯಿತು. ಹಣ್ಣು ತೊಟ್ಟು ಕಳಚಿದಂತೆ ಹೆದೆ ತಾನಾಗಿ ಜಾರತೊಡಗಿತು. ಏನನ್ನೂ ಬೇಡದೆ ದೇವರ ಮುಂದೆ ಕೂತಾಗ ಸಿಗುವಂಥ ಮೌನ ಅದು.

ಭಾನುವಾರ ತನ್ನ ಬಿಲ್ಲನ್ನೇ ಎತ್ತಿದಳು. ಹೊಸ ಅಭ್ಯಾಸದ ಜೋರಿನಲ್ಲಿ ಹಲಗೆಯ ಬುಡಕ್ಕೇ ಗುರಿಯಿಟ್ಟುಬಿಟ್ಟಳು. ಬಾಣ ಮಣ್ಣಿಗೆ!

“ಹೇಳಿದ್ನೋ ಇಲ್ವೋ? ಕೆಡ್ತು ಕೈ!” ಎಂದರು ಮರದ ಬಿಲ್ಲಿನ ಸುದ್ದಿ ಕೇಳಿದ್ದ ಮೇಷ್ಟ್ರು.

“ಕೈ ನೆಟ್ಟಗಿದೆ ಸಾರ್. ಕಣ್ಣು ಮಾತ್ರ ಚಿಕ್ಕಪ್ಪನ ಮನೇಲಿತ್ತು.”

ನಿಜವೇ. ಬುಡಕ್ಕಿಟ್ಟ ಬಾಣ ಬುಡಕ್ಕೇ ಹೋಗಿತ್ತು, ಅಂಚಿಗೆ ಹಾರಿರಲಿಲ್ಲ. ಮತ್ತೆ ಎಳೆದಳು. ಚುಕ್ಕೆ ಹಳದಿಯನ್ನು ಮುಟ್ಟಿತು. ಬೆರಳುಗಳು ಕಾದವು. ಬೆನ್ನು ಇನ್ನೊಂದಿಷ್ಟು ಬಿಗಿಯಿತು, ಹೆದೆ ಜಾರಿತು. ಟಪ್! ಹಳದಿ. ಮುಂದಿನವೂ ಅದರ ಸುತ್ತಲೇ ಗುಂಪುಗೂಡಿದವು.

ಮಣ್ಣಿಗೆ ಹೋದ ಬಾಣ ಅವಳನ್ನು ತಂಡದ ಕೊನೆಯ ಸ್ಥಾನಕ್ಕೆ ತಳ್ಳಿತು ನಿಜ, ಆದರೆ ತಂಡದಿಂದ ಆಚೆಗೇನಲ್ಲ. ಹೆಸರು ಕೂಗಿದಾಗ ಅವಳಿಗೆ ಕಣ್ಣು ತುಂಬಿಬಂತು.

ಎಲ್ಲರೂ ಚದುರಿದ ಮೇಲೆ ಮೇಷ್ಟ್ರು, ಮರದ ಬಿಲ್ಲು ಹೆಗಲಿಗೇರಿಸಿಕೊಂಡು ಆಯ್ಕೆ ನೋಡಲು ಬಂದಿದ್ದ ಚಿಕ್ಕಪ್ಪನ ಪಕ್ಕಕ್ಕೆ ಸರಿದು ನಿಂತರು.

“ಆ ಮರದ ಬಿಲ್ಲು… ಒಂದ್ಸಲ ಕೊಡ್ತೀರಾ?”

“ಅಯ್ಯೋ, ಕೈ ಕೆಟ್ಟೀತು ಮೇಷ್ಟ್ರೇ!” ಎನ್ನುತ್ತಲೇ ಚಿಕ್ಕಪ್ಪ ಬಿಲ್ಲು ಕೊಟ್ಟರು.