ಕೆಳಗಿನ ಹಲಗೆಯ ಪುಸ್ತಕ

"ಇನ್ನೊಂದ್ಸಲ ಎತ್ರಿ, ಎಡಕ್ಕೆ ವಾಲ್ತಾ ಐತೆ," ಎಂದರು ಅಯ್ಯನವರು. ಇಬ್ಬರು ಹೆಗಲು ಹಿಡಿದು ಮರುಳಪ್ಪನ ಹೆಣವನ್ನು ಗೋಡೆಗೆ ಒತ್ತಿ ಕೂರಿಸಿದರು. ಗದ್ದದಿಂದ ನೆತ್ತಿಗೆ ಬಿಳಿ ಬಟ್ಟೆ ಬಿಗಿದರು. ಬಿಗಿದ ಮೇಲೆ ಮುಖ ಬದುಕಿದ್ದಾಗಿನ ಹಾಗೆಯೇ ಆಯಿತು. ಎದುರಿಗೆ ಬಂದವರನ್ನೆಲ್ಲ ಒಂದು ದರ್ಜೆ ಕೆಳಗೆ ಹಾಕುವ ಮುಖ.

ಚನ್ನಗಿರಿಯ ಮಂಡಿಯಲ್ಲಿ ಅಡಿಕೆ ಆರಿಸಿ ಮುದುಕನಾದವನು. ಮೇಲಿನದು ಸರಕು, ಆಮೇಲೆ ಬೆಟ್ಟೆ, ರಾಶಿ, ಕಡೆಗೆ ಉಳಿದ ಕಸವೆಲ್ಲ ಗೊರಬಲು. ಕೈ ನಡುಗತೊಡಗಿದ ಮೇಲೆ ಮಂಡಿ ಸಾಹುಕಾರ ಮುರುಗೇಶಪ್ಪ ಅವನನ್ನು ತಾನು ಊರಿಗೆಂದು ತೆರೆದಿದ್ದ ಓದುವ ಕೋಣೆಯಲ್ಲಿ ಕೂರಿಸಿದ. ಊರ ಮಕ್ಕಳಿಗೆ ಯಾವ ಪುಸ್ತಕ ತಕ್ಕದ್ದು ಎಂದು ನೋಡಿ ಕೊಡುವ ಕೆಲಸ. ಅವನು ಒಂದನ್ನೂ ಓದಿದವನಲ್ಲ. ಓದುವವರನ್ನು ಕಂಡರೆ ಆಗುತ್ತಲೂ ಇರಲಿಲ್ಲ.

ಸಾಹುಕಾರ ಬಂದ. ಹಿಂದೆ ಮಗ ಹಾಲೇಶಪ್ಪ. ಹೆಣಕ್ಕೆ ಕೈ ಮುಗಿದು ಚಾಪೆ ಮೇಲೆ ಕೂತು, "ಒಳ್ಳೆ ಮನುಷ್ಯ. ಮೇಲಿನ ಹಲಗೆಯ ಒಂದು ಪುಸ್ತಕದ ಮೂಲೆ ಮಡಿಚಾಕೆ ಬಿಡ್ಲಿಲ್ಲ," ಎಂದ. ಅದೇ ಉಸಿರಿನಲ್ಲಿ ಮಗನ ಕಡೆ ತಿರುಗಿದ. "ನಾಳೆ ಆ ಕೋಣೆಗೆ ಗೋಣಿಚೀಲ ಹಾಕ್ಸು. ಪುಸ್ತಕ ಎಲ್ಲಾ ನಮ್ಮ ಕಿರಾಣಿ ಅಂಗಡಿಗೆ ಹೋಗ್ಲಿ. ಯುದ್ಧ ಬಂದಾಗಿಂದ ಪೊಟ್ಟಣ ಕಟ್ಟಾಕೆ ಕಾಗದಿಲ್ಲ."

ಮರುಳಪ್ಪನ ಮಗಳು ಕೊಟ್ರಮ್ಮ ಬಾಗಿಲ ಮರೆಯಲ್ಲಿದ್ದಳು. ಗಂಡ ಸತ್ತು ತವರಿಗೆ ಬಂದಿದ್ದ ಹುಡುಗಿ. ಅಪ್ಪನಿಗಾಗಿ ಬೆಳಗಿನಿಂದ ಅತ್ತಿರಲಿಲ್ಲ. ಈಗ ಮುಂದೆ ಬಂದಳು.

"ಸಾವ್ಕಾರ್ರೆ, ಆ ಕೋಣೆ ಬಾಗಿಲು ಮುಚ್ಚಬ್ಯಾಡ್ರಿ. ನಾನು ಕೂರ್ತೀನಿ."

"ಎಲ್ಲಿ ಕೂರ್ತೀಯವ್ವ?"

"ಅಪ್ಪ ಕೂರ್ತಿದ್ದ ಜಾಗದಾಗೆ. ಪುಸ್ತಕ ನಾನು ಕೊಡ್ತೀನಿ."

ಹೆಣ ಎದುರಿಗಿದೆ ಎಂದು ಸಾಹುಕಾರ ನಗುವನ್ನು ಮೂಗಿನಲ್ಲೇ ಬಿಟ್ಟ. "ನಿಮ್ಮಪ್ಪಂಗೆ ಹುಡುಗರ ಮಖ ನೋಡಿದ್ರೆ ಬೆಲೆ ತಿಳೀತಿತ್ತು. ನಿನಗೇನು ಗೊತ್ತು? ಅಲ್ದೆ ಈಗ ಅಲ್ಲಿಗೆ ಬರೋರ್ಯಾರು? ಎಲ್ಲಾ ಗೊರಬಲು."

"ಅವರೂ ಓದ್ತಾರೆ."

"ಓದಿದೋನು ಇಲ್ಲಿ ಅವ್ನೆ ನೋಡು." ಮಗನ ಬೆನ್ನು ತಟ್ಟಿದ. "ಆ ಚಿನ್ನದಕ್ಷರದ ದಪ್ಪ ಪುಸ್ತಕನ ಹದಿನೈದನೇ ವಯಸ್ಸಿಗೇ ಮುಗಿಸ್ದೋನು. ಸಭೆ ಮಾಡಿ ಶಾಲು ಹೊದಿಸಿದ್ವಿ. ಹಾಲೇಶಿ, ಅದನ್ನ ತಗಂಬಾ. ಗುಂಡಿ ಹತ್ರ ನಾಕು ಸಾಲು ಓದು. ಮುದುಕಂಗೆ ಮರ್ಯಾದೆ ಆಗ್ಲಿ."

ಹಾಲೇಶಪ್ಪ ಗಂಟಲು ಸರಿಮಾಡಿಕೊಂಡ. ಹೋಗಿ ತಂದ.

*

ಮಗು ಮೇಜಿನ ಮುಂದೆ ನಿಂತರೆ ಮರುಳಪ್ಪ ಮೊದಲು ಕಾಲು ನೋಡುತ್ತಿದ್ದ, ಚಪ್ಪಲಿ ಇದೆಯೋ ಇಲ್ಲವೋ ಎಂದು. ಆಮೇಲೆ ಅಂಗಿಯ ಗುಂಡಿ. ಆಮೇಲೆ ಅಪ್ಪನ ಹೆಸರು ಕೇಳಿ, "ಸರಕು," ಎನ್ನುತ್ತಿದ್ದ, ಇಲ್ಲವೆ "ಗೊರಬಲು, ಕೆಳಗೆ," ಎನ್ನುತ್ತಿದ್ದ.

ಮೇಲಿನ ಹಲಗೆಯಲ್ಲಿ ಸಾಹುಕಾರ ಬೀರುವಿನ ಅಗಲ ಅಳೆದು ಮೈಸೂರಿಂದ ತರಿಸಿದ ದಪ್ಪ ಪುಸ್ತಕಗಳು. ನಡತೆ, ಕರ್ತವ್ಯ, ಶಿಸ್ತು. ಕೆಳಗೆ, ಸತ್ತ ಒಬ್ಬ ಮೇಷ್ಟ್ರ ಪೆಟ್ಟಿಗೆಯಲ್ಲಿ ಸಿಕ್ಕ, ರಟ್ಟು ಹೋಗಿ ಸುತಲಿ ಕಟ್ಟಿದ ಹರಕುಗಳು. ಅವುಗಳಲ್ಲಿ ಕಳ್ಳರಿದ್ದರು, ದೆವ್ವಗಳಿದ್ದವು, ಒಡೆದ ಹಡಗುಗಳಿದ್ದವು, ಕಾವಲಿನವನ ಕೈ ಕಚ್ಚಿ ಓಡಿದ ರಾಜನ ಮಗಳೂ ಇದ್ದಳು. ಮರುಳಪ್ಪನಿಗೆ ಗೊತ್ತಿದ್ದದ್ದು ರಟ್ಟು ಮಾತ್ರ. ಸಾಹುಕಾರರ ಮಕ್ಕಳು ಆಳಿನ ಕೈಲಿ ಪುಸ್ತಕ ಹೊರಿಸಿಕೊಂಡು ಹೋಗಿ ಹಾಗೆಯೇ ತಂದಿಡುತ್ತಿದ್ದರು. ಗೊರಬಲು ಮಕ್ಕಳು ಹರಕಿಗಾಗಿ ಬೀದಿಯಲ್ಲಿ ಜುಟ್ಟು ಹಿಡಿದು ಹೊಡೆದಾಡುತ್ತಿದ್ದರು. ಹಿಂಗ್ಯಾಕೆ ಎಂದು ಅವನು ಒಂದು ದಿನವೂ ಕೇಳಲಿಲ್ಲ.

ಹದಿಮೂರು ತುಂಬಿದ ಕೊಟ್ರಮ್ಮ ಒಂದು ಸಂಜೆ ಚಿನ್ನದಕ್ಷರದ ಕಡೆ ಬೆರಳು ತೋರಿಸಿದಳು.

"ಅದು ನಿನಗಲ್ಲ," ಎಂದ ಮರುಳಪ್ಪ, ಎಲ್ಲರ ಮುಂದೆ. "ನನ್ನ ಮಗಳಾದ್ರೇನು? ಗೊರಬಲು ಗೊರಬಲೇ."

ಹುಡುಗರು ನಕ್ಕರು. ಹೆಣ ಹೂಳುವ ಮನೆತನದ ಗಿಡ್ಡಪ್ಪ ಮಾತ್ರ ಪಿಸುಗುಟ್ಟಿದ, "ಅಳಬ್ಯಾಡಕ್ಕ. ಕಳ್ಳಂದು ತಗಾ. ಎದೆ ಡವಡವ ಅಂತೈತೆ."

ಅವಳು ಬಚ್ಚಲ ಒಲೆಯ ಬೆಳಕಿನಲ್ಲಿ ಅದನ್ನು ಬಿಡಿಸಿ ಕೂತಳು. ಒಲೆ ಆರಿತು. ನೀರು ಕಾಯಲಿಲ್ಲ. ಅಪ್ಪ ಬಂದು ಕೆನ್ನೆಗೆ ಕೊಟ್ಟ. ಕೆನ್ನೆ ಒತ್ತಿಕೊಂಡೇ ಅವಳು ಆ ಪುಟ ಮುಗಿಸಿದಳು.

*

ಗುಂಡಿಯಲ್ಲಿ ಮರುಳಪ್ಪನನ್ನು ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಸುತ್ತ ಪತ್ರೆ, ವಿಭೂತಿ ಗಟ್ಟಿ ಜೋಡಿಸುತ್ತಿದ್ದವನು ಅದೇ ಗಿಡ್ಡಪ್ಪ. ಮೇಲೆ ಜನ ಸುತ್ತುಗಟ್ಟಿದ್ದರು. ಸಾಹುಕಾರ ಮೊದಲ ಹಿಡಿ ಮಣ್ಣು ತನ್ನದೇ ಎಂದು ಬಗ್ಗಿ ತೆಗೆದುಕೊಂಡು ನಿಂತ.

"ಓದಪ್ಪ."

ಹಾಲೇಶಪ್ಪ ಪುಸ್ತಕ ತೆರೆದ. ಮೊದಲ ಪುಟದಲ್ಲಿ ಹೆಸರು ಮಾತ್ರ ಇತ್ತು. ಮುಂದಿನ ಹಾಳೆ ಬಿಡಿಸಹೋದ, ಬರಲಿಲ್ಲ. ಅಚ್ಚಿನ ಮನೆಯಿಂದ ಮಡಿಚಿ ಬಂದ ಹಾಗೆಯೇ ಹಾಳೆಗಳ ಅಂಚುಗಳು ಕೂಡಿಕೊಂಡಿದ್ದವು. ನಡುವೆ ನೋಡಿದ. ಅಲ್ಲೂ ಹಾಗೆಯೇ. ಕಡೆಯ ತನಕ, ಅಂಚು ಸೀಳಿ ಓದಲೆಂದು ಆ ಪುಸ್ತಕಕ್ಕೆ ಯಾರೂ ಚಾಕು ಹಾಕಿರಲಿಲ್ಲ.

"ಯಾಕ್ರಿ ನಿಂತ್ರಿ?" ಎಂದರು ಅಯ್ಯನವರು.

"ಅಯ್ಯನೋರೆ, ಒಂದು ಚಾಕು ಐತಾ?"

"ಓದಾಕೆ ಚಾಕು ಯಾಕ್ರಿ?"

ಅಯ್ಯನವರೇ ಬಗ್ಗಿ ನೋಡಿದರು. "ಇದನ್ನ ಹೊಲಿದ ಮ್ಯಾಲೆ ಯಾರೂ ಬಿಚ್ಚೇ ಇಲ್ವಲ್ಲೋ!" ಹಿಂದೆ ಯಾರೋ ಕಿಸಕ್ಕನೆ ನಕ್ಕು, "ಶಾಲು ಹಿಂದಕ್ಕೆ ತಗಳ್ರಪ್ಪ," ಎಂದರು. ಸಾಹುಕಾರ ಮಗನ ಮುಖ ನೋಡಲಿಲ್ಲ. ಮಗ ಪುಸ್ತಕ ಮುಚ್ಚಿ ಕಂಕುಳಿಗೆ ಒತ್ತಿಕೊಂಡ.

"ನಾಕು ಮಾತು ಆಗ್ಲೇಬೇಕೇನ್ರಿ?" ಗುಂಡಿಯೊಳಗಿಂದ ಗಿಡ್ಡಪ್ಪ ಕೇಳಿದ. "ನಾನು ಹೇಳ್ಲಾ? ಮರುಳಪ್ಪಜ್ಜ ನನಗೆ ಕೊಟ್ಟಿದ್ದರಾಗಿಂದು. ಬಾಯಿಪಾಠ ಐತೆ."

ಸಾಹುಕಾರ ಬೇಡ ಎನ್ನುವ ಮೊದಲೇ ಅವನು ಶುರುಮಾಡಿದ್ದ. "ಒಬ್ಬ ಕಳ್ಳ. ಹಾಳು ಮನೆಗೆ ಹೆಂಚು ತೆಗೆದು ಇಳಿದ. ನಡುಮನೆಯ ನೆಲದಾಗೆ ಕಾಳು ತುಂಬೋ ಹಗೇವು. ಬಾಯಿ ಮೇಲಿನ ಕಲ್ಲು ಸರಿಸಿದ. ದೀಪ ಹಿಡಿದು ಬಗ್ಗಿದ. ಕಾಳಿಲ್ಲ, ಬರೀ ಕತ್ತಲೆ. ಇನ್ನೂ ಬಗ್ಗಿದ. ಆಗ್ರಿ, ಕೆಳಗಿಂದ ಒಂದು ಕೈ ಬಂತು." ಗಿಡ್ಡಪ್ಪ ತನ್ನ ಕೈಯನ್ನು ಗುಂಡಿಯಿಂದ ಮೆಲ್ಲಗೆ ಮೇಲೆತ್ತಿದ. ಮುಂದಿದ್ದ ಹೆಂಗಸರು ಹಿಂದೆ ಸರಿದರು. "ಮೆತ್ತಗೆ ದೀಪ ಇಸ್ಕಂತು. ಇಸ್ಕಂಡು..."

"ಸಾಕು ಗಿಡ್ಡಪ್ಪ," ಎಂದಳು ಕೊಟ್ರಮ್ಮ.

"ಅಕ್ಕ, ಈಗಲೇ ಐತೆ ಮಜಾ!"

"ಸಾಕು ಅಂದೆ. ಮೇಲಕ್ಕೆ ಬಾ."

"ಏ ತಾಯಿ, ಕೈ ಯಾರ್ದು ಅಂತಾದ್ರೂ ಹೇಳ್ಸು," ಎಂದರು ಅಯ್ಯನವರು.

"ಪುಸ್ತಕದಾಗೈತೆ, ಅಯ್ಯನೋರೆ. ಕೆಳಗಿನ ಹಲಗೆ. ನಾಳೆ ಬಾಗಿಲು ತೆಗೆದ್ರೆ ನಾನೇ ತೆಕ್ಕೊಡ್ತೀನಿ. ಇಲ್ದಿದ್ರೆ ಒಣಮೆಣಸಿನಕಾಯಿ ಕೊಂಡೋರ ಮನೆ ಮನೆಗೆ ಹೋಗಿ ಪೊಟ್ಟಣ ಬಿಚ್ಚಿ ನೋಡ್ರಿ."

ಅವಳು ಸಾಹುಕಾರನನ್ನು ಕಾಲಿನಿಂದ ನೋಡತೊಡಗಿದಳು. ಕಿರುಗುಟ್ಟುವ ಚಪ್ಪಲಿ, ಚಿನ್ನದ ಗುಂಡಿ. ಅಪ್ಪ ನೋಡುತ್ತಿದ್ದ ಹಾಗೆಯೇ. ದರ್ಜೆ ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

"ಮಣ್ಣು ಹಾಕ್ರಿ ಸಾವ್ಕಾರ್ರೆ, ಹೊತ್ತಾತು," ಎಂದ ಯಾರೋ.

ಮುರುಗೇಶಪ್ಪ ಕೇಳಿಸಿಕೊಳ್ಳಲಿಲ್ಲ. ಗುಂಡಿಯ ಅಂಚಿಗೆ ಬಂದು ಬಗ್ಗಿ, ಗಿಡ್ಡಪ್ಪನಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ, "ಗಂಡಸಿನ ಕೈಯೇನೋ, ಹೆಂಗಸಿಂದೇನೋ?" ಎಂದ. ಗಿಡ್ಡಪ್ಪ ಕೊಟ್ರಮ್ಮನ ಮುಖ ನೋಡಿ ಮತ್ತೆ ಪತ್ರೆ ಜೋಡಿಸತೊಡಗಿದ. ಸಾಹುಕಾರ ಇನ್ನೂ ಸ್ವಲ್ಪ ಬಗ್ಗಿದ. ಮುಷ್ಟಿಯ ಮಣ್ಣು ಬೆರಳ ಸಂದಿಯಿಂದ ಅವನ ಚಪ್ಪಲಿಯ ಮೇಲೆಯೇ ಸೋರುತ್ತಿತ್ತು.